ಹಳೇ ಗಾಡಿ ಕಥೆ, ಭಾಗ 3: ಅಜ್ಜನ ಹ್ಯಾಂಡಲ್

ನಮ್ಮಜ್ಜನ ಅಂಬಾಸಿಡರ್ ಹೊಸಪೇಟೆ, ಕಂಪ್ಲಿ ಬಾಡಿಗೆಗೆ ಓಡ್ತಿತ್ತು. ಬಂಪರ್ ನಡುವೆ ಒಂದು ತೂತು. ಸೆಲ್ಫ್ ಕೈಕೊಟ್ರೆ ಅಲ್ಲಿ ಹ್ಯಾಂಡಲ್ ತೂರಿಸಿ ತಿರುವೋದು. ಎಂಜಿನ್ ತಿರುಗಿ ಒದ್ದರೆ ಕೈ ಮುರೀತಿತ್ತು, ಅದಕ್ಕೇ ಹೆಬ್ಬೆರಳು ಹಿಡಿಕೆಗೆ ಸುತ್ತಬಾರದು ಅಂತಿದ್ದ ಅಜ್ಜ. ಈ ಕಾಟ ತಪ್ಪಲಿ ಅಂತಾನೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸೆಲ್ಫ್ ಮಾಡಿದ್ದು; 1912ರ ಕ್ಯಾಡಿಲಾಕ್‌ನಲ್ಲಿ ಬಂತು. 1958ರಲ್ಲಿ ಬಂದ ನಮ್ಮ ಅಂಬಾಸಿಡರ್‌ನಲ್ಲಿ ಎರಡೂ ಇದ್ವು. ಸೆಲ್ಫ್ ಮೇಲೆ ನಂಬಿಕೆ ಕಮ್ಮಿ ಇತ್ತೇನೋ!

ಈಗ ಹ್ಯಾಂಡಲ್ ಕಳೆದುಹೋಗಿದೆ. ಹೋದ ತಿಂಗಳು ಹಂಪಿಯಲ್ಲಿ ಕೀ ತಿರುವಿದ್ರೆ ಬರೀ ‘ಟಕ್’. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್. ಮರುದಿನ ಸಂಡೂರಲ್ಲಿ ಮತ್ತೆ ಟಕ್. ಹೊಸ ಬ್ಯಾಟರಿ ಹಾಕಿದ್ರೂ ಅದೇ ಕಥೆ. ಅಪ್ಪ, "ಗುಜರಿಗೆ ಹಾಕೋಣ" ಅಂದ್ರು. ನಾನು ಎರಡು ದಿನ ಸರಿಯಾಗಿ ಉಣ್ಲಿಲ್ಲ.

ಮೆಕ್ಯಾನಿಕ್ ಚಾಚಾ ಮೊದಲು ಹೆಡ್‌ಲೈಟ್ ಹಾಕಿ ಕೀ ತಿರುವಿದ್ರು. ಬೆಳಕು ಮಂದ ಆಗ್ಲೇ ಇಲ್ಲ. ಬ್ಯಾಟರಿ ವೀಕ್ ಇದ್ರೆ ಮಂದ ಆಗ್ಬೇಕಿತ್ತು. ಅಂದ್ರೆ ಕರೆಂಟ್ ಸೆಲ್ಫ್‌ವರೆಗೆ ಹೋಗ್ತಾನೇ ಇಲ್ಲ. ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೆ ನೇರ ದಪ್ಪ ವೈರ್ ಹಿಡಿದ್ರು, ಗರ್ ಅಂತ ಸ್ಟಾರ್ಟ್! ಎಂಜಿನ್ ಕೂತಿರೋದು ರಬ್ಬರ್ ಮೇಲೆ, ಬಾಡಿಗೆ ಅರ್ತ್ ಕೊಡೋದು ಒಂದೇ ಪಟ್ಟಿ. ಅದರ ಬೋಲ್ಟ್ ತುಕ್ಕು ಹಿಡಿದಿತ್ತು. ಸೆಲ್ಫ್‌ಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು, ತುಕ್ಕಿನಲ್ಲಿ ಅದು ದಾಟಲ್ಲ.

ಇದು ಅಜ್ಜನ ಕಾಲದಿಂದಲೂ ಇದ್ದ ರೋಗವೇ ಇರ್ಬೇಕು. ಹ್ಯಾಂಡಲ್ ಇತ್ತಲ್ಲ, ಯಾರೂ ಹುಡುಕ್ಲಿಲ್ಲ.

ಗುಜರಿ ಮಾತು ಸದ್ಯಕ್ಕೆ ನಿಂತಿದೆ. ಭಾಗ 4ರಲ್ಲಿ ಡೈನಮೋ.