ತರಗತಿಯ ಹೊಸ್ತಿಲಲ್ಲಿ ಹೊಸ ಉಪಾಧ್ಯಾಯ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಇಗರ್ಜಿಗೆ ಜಾಗ ಬಿಟ್ಟುಕೊಟ್ಟವರ, ಕಲ್ಲು ಹೊತ್ತವರ, ಗಂಟೆ ತರಿಸಿದವರ, ಸೇವೆ ಸಲ್ಲಿಸಿದ ಧರ್ಮಗುರುಗಳ ಹೆಸರುಗಳು ಗೌರವದಿಂದ ಅಚ್ಚಾಗುತ್ತವೆ. ಅಚ್ಚಾಗತಕ್ಕದ್ದೇ. ಆದರೆ ಇಗರ್ಜಿಯ ಮಗ್ಗುಲಲ್ಲಿ, ಹಂಚಿನ ಮಾಡಿನ ಕೆಳಗೆ ನಡೆದುಬಂದ ಶಾಲೆಯ ಮಾಸ್ತರರಿಗೂ ಟೀಚರುಗಳಿಗೂ ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಷ್ಟೇ ಸ್ಥಳ ದೊರೆಯುತ್ತದೆ: ಹೆಸರು, ಸೇರಿದ ವರ್ಷ, ನಿವೃತ್ತರಾದ ವರ್ಷ. ಹಿಂದಿನ ಕಾಲದ ಶಾಲಾ ದಾಖಲೆಗಳಲ್ಲಿ ಇನ್ನೊಂದು ಮಾತೂ ಅವರ ಹೆಸರಿನ ಮುಂದೆ ಇರುತ್ತಿತ್ತು: 'ಟ್ರೈನ್ಡ್' ಅಥವಾ 'ಅನ್‌ಟ್ರೈನ್ಡ್'. ಆ ಒಂದು ಮಾತಿನ ಮೇಲೆ ಉಪಾಧ್ಯಾಯರ ಸಂಬಳ ನಿಂತಿತ್ತು. ಶಾಲೆಗೆ ಬರುವ ಅನುದಾನದ ಲೆಕ್ಕವೂ ನಿಂತಿತ್ತು. ಆ ಮಾತು ಎಲ್ಲಿಂದ ಬಂತು, ಅದು ನಿಜವಾಗಿ ಏನನ್ನು ಹೇಳುತ್ತಿತ್ತು, ಏನನ್ನು ಹೇಳದೆ ಬಿಡುತ್ತಿತ್ತು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಪಾಠ ಬಲ್ಲವನು ಪಾಠ ಹೇಳಬಲ್ಲನು ಎಂಬ ನಂಬಿಕೆ ಬಹು ಹಳೆಯದು. ಓದು ಬರಹ ತಿಳಿದವನನ್ನು ಕರೆತಂದು ಮಕ್ಕಳ ಮುಂದೆ ಕುಳ್ಳಿರಿಸಿದರೆ ಶಾಲೆಯಾಯಿತು ಎಂದು ಯುರೋಪಿನಲ್ಲಿಯೂ ತಿಳಿದಿದ್ದರು, ನಮ್ಮ ಐಗಳ ಮಠಗಳಲ್ಲಿಯೂ ತಿಳಿದಿದ್ದರು. ಈ ನಂಬಿಕೆಯನ್ನು ಮೊದಲಾಗಿ ಪ್ರಶ್ನಿಸಿದವರಲ್ಲಿ ಧರ್ಮಸಭೆಯ ಜನರೂ ಇದ್ದರೆಂಬುದು ನಮಗೆ ಸಂತೋಷದ ವಿಷಯ. ಯೇಸುಸಭೆಯವರು 1599ರಲ್ಲಿ ಹೊರಡಿಸಿದ ಶಿಕ್ಷಣ ವಿಧಾನದಲ್ಲಿ ಕಾಲೇಜಿನ ರೆಕ್ಟರರಿಗೆ ಒಂದು ಸೂಚನೆಯಿದೆ. ಬೋಧನೆಗೆ ಹೊರಡಲಿರುವ ಯುವಕರು ತಮ್ಮ ವ್ಯಾಸಂಗದ ಕೊನೆಯ ಹೊತ್ತಿಗೆ ನುರಿತ ಒಬ್ಬ ಗುರುವಿನ ಬಳಿ ವಾರಕ್ಕೆ ಮೂರು ಸಲ, ಒಂದೊಂದು ಗಂಟೆ ಕುಳಿತು, ಸರದಿಯಂತೆ ವಿವರಿಸುವುದನ್ನೂ ಬರೆಯಿಸುವುದನ್ನೂ ತಿದ್ದುವುದನ್ನೂ ಅಭ್ಯಾಸ ಮಾಡಬೇಕು. ವಾರಕ್ಕೆ ಮೂರು ಗಂಟೆ ಹೆಚ್ಚಲ್ಲ. ಆದರೆ ಲ್ಯಾಟಿನ್ ಪಂಡಿತನಾದವನಿಗೂ ತರಗತಿಗೆ ಹೊರಡುವ ಮುನ್ನ ಕಲಿಯಬೇಕಾದದ್ದು ಉಳಿದಿದೆ ಎಂದು ಆ ಸೂಚನೆ ಒಪ್ಪಿಕೊಂಡಿತು.

ಬಡವರ ಮಕ್ಕಳ ಶಾಲೆಗಳಿಗೆ ಈ ವಿಚಾರವನ್ನು ತಂದವರು ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್. ಫ್ರಾನ್ಸಿನ ರೇಂಸ್ ನಗರದಲ್ಲಿ 1651ರಲ್ಲಿ ಸ್ಥಿತಿವಂತರ ಮನೆಯಲ್ಲಿ ಹುಟ್ಟಿ, ಅಲ್ಲಿಯ ಮಹಾದೇವಾಲಯದಲ್ಲಿ ಗೌರವದ ಪದವಿಯಲ್ಲಿದ್ದ ಇವರಿಗೆ ಶಾಲಾ ಮಾಸ್ತರರ ಸಹವಾಸ ತಾವಾಗಿ ಬಯಸಿದ್ದಲ್ಲ. ಊರಿನಲ್ಲಿ ಬಡ ಹುಡುಗರಿಗೆ ಶಾಲೆ ತೆರೆಯಲು ಬಂದವರೊಬ್ಬರಿಗೆ ನೆರವಾಗಹೋಗಿ, ಮಾಸ್ತರರ ಅವಸ್ಥೆಯನ್ನು ಕಣ್ಣಾರೆ ಕಂಡರು. ಆ ಮಾಸ್ತರರಿಗೆ ಓದು ಅಷ್ಟಕ್ಕಷ್ಟೆ, ಶಿಸ್ತು ಇಲ್ಲ, ಬೇರೆ ಕೆಲಸ ಸಿಕ್ಕದೆ ಈ ಕೆಲಸಕ್ಕೆ ಬಂದವರೂ ಇದ್ದರು. ಅವರನ್ನು ಮೊದಲು ತಮ್ಮ ಊಟದ ಪಂಕ್ತಿಗೆ ಕರೆದರು. 1681ರಲ್ಲಿ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಬಂಧುಗಳು ಸಿಟ್ಟಾದರು. ಇವರು ಪದವಿಯನ್ನು ಬಿಟ್ಟರು. 1684ರ ಕ್ಷಾಮದಲ್ಲಿ ತಮ್ಮ ಆಸ್ತಿಯನ್ನು ಹಸಿದವರಿಗೆ ಹಂಚಿದರು.

ಇವರ ಸಭೆಯ ಸಹೋದರರು ಒಬ್ಬೊಬ್ಬರಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಚಿಕ್ಕ ಹಳ್ಳಿಯ ಧರ್ಮಕೇಂದ್ರಕ್ಕೆ ಇಬ್ಬರು ಮೂವರನ್ನು ಸಾಕುವ ಶಕ್ತಿಯಿಲ್ಲ. ಬೇಕಾಗಿರುವುದು ಒಬ್ಬನೇ ಮಾಸ್ತರ. ಹಳ್ಳಿಯ ಧರ್ಮಗುರುಗಳು ಬಂದು ಕೇಳಿದಾಗ ದೆ ಲಾ ಸಾಲ್ ಅವರು ಬೇರೊಂದು ದಾರಿ ಕಂಡರು. ನಿಮ್ಮ ಊರಿನ ಹುಡುಗನನ್ನೇ ಕಳುಹಿಸಿರಿ, ತಯಾರು ಮಾಡಿ ನಿಮಗೇ ಹಿಂದೆ ಕಳುಹಿಸುತ್ತೇವೆ ಎಂಬುದೇ ಅದು. ಹೀಗೆ 1680ರ ದಶಕದ ಮಧ್ಯದಲ್ಲಿ ರೇಂಸಿನಲ್ಲಿ ಹಳ್ಳಿಯ ಮಾಸ್ತರರಿಗಾಗಿ ಒಂದು ತರಬೇತಿ ನಿಲಯ ಆರಂಭವಾಯಿತು. ಓದು, ಬರಹ, ಲೆಕ್ಕ, ಧರ್ಮೋಪದೇಶದ ಜೊತೆಗೆ ಇಗರ್ಜಿಯ ಗಾಯನವನ್ನೂ ಅಲ್ಲಿ ಕಲಿಸುತ್ತಿದ್ದರು, ಏಕೆಂದರೆ ಹಳ್ಳಿಯ ಮಾಸ್ತರನೇ ಭಾನುವಾರ ಗಾಯಕನೂ ಆಗಬೇಕಿತ್ತು. ಗೋವೆಯ ಇಗರ್ಜಿ ಶಾಲೆಗಳ 'ಮೆಸ್ತ್ರಿ'ಯನ್ನು ಕೇಳಿ ಬಲ್ಲ ನಮ್ಮ ಕೊಂಕಣಿ ಮನೆತನಗಳಿಗೆ ಇದು ವಿಚಿತ್ರವೆನಿಸದು. ಮುಂದೆ ಪ್ಯಾರಿಸಿನ ಸಂತ ಹಿಪ್ಪೊಲಿಟರ ಧರ್ಮಕೇಂದ್ರದಲ್ಲಿ ಇಂಥದೇ ಇನ್ನೊಂದು ನಿಲಯ ತೆರೆದಾಗ ಅದರ ಪಕ್ಕದಲ್ಲಿ ಒಂದು ಬಡ ಮಕ್ಕಳ ಶಾಲೆಯನ್ನೂ ಇಟ್ಟರು. ಕಲಿಯುತ್ತಿರುವವರು ಆ ಶಾಲೆಯಲ್ಲಿ ಅನುಭವಸ್ಥರ ಕಣ್ಣೆದುರು ಕಲಿಸಬೇಕಿತ್ತು. ಈ ನಿಲಯಗಳಾವುವೂ ಬಹುಕಾಲ ಬಾಳಲಿಲ್ಲ. ಆದರೂ 1950ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಇವರನ್ನು ಉಪಾಧ್ಯಾಯರ ಪಾಲಕ ಸಂತರೆಂದು ಸಾರಿದುದು ಸುಮ್ಮನೆ ಅಲ್ಲ.

ಹೊಸ ಉಪಾಧ್ಯಾಯರನ್ನು ರೂಪಿಸುವವರಿಗಾಗಿ ಇವರ ಸಭೆಯವರು ಬರೆದಿಟ್ಟ ಸೂಚನೆಗಳು ಇಂದಿಗೂ ಓದತಕ್ಕವು. ರೂಪಿಸುವವನ ಕೆಲಸ ಎರಡು ಬಗೆ: ಹೊಸಬನಲ್ಲಿ ಇದ್ದು ಇರಬಾರದುದನ್ನು ತೆಗೆಯುವುದು; ಇರಬೇಕಾಗಿದ್ದು ಇಲ್ಲದುದನ್ನು ಕೊಡುವುದು. ತೆಗೆಯಬೇಕಾದವುಗಳ ಪಟ್ಟಿಯ ಆರಂಭದಲ್ಲೇ ಇರುವುದು ಮಾತಿನ ಚಪಲ! ಬಳಿಕ ಚಡಪಡಿಕೆ, ಕಠೋರತೆ, ಪಕ್ಷಪಾತ, ಎದೆಗುಂದುವಿಕೆ ಇತ್ಯಾದಿ. ವಿಷಯ ಜ್ಞಾನದ ಕೊರತೆಗಿಂತ ಮನುಷ್ಯನ ಸ್ವಭಾವದ ಮೇಲೆಯೇ ಅವರ ದೃಷ್ಟಿ ನೆಟ್ಟಿತ್ತು. ಮಾಸ್ತರನು ಬಾಯಿಗಿಂತ ಕೈಯ ಸನ್ನೆಯಿಂದ ತರಗತಿಯನ್ನು ನಡೆಸಬೇಕೆಂದು ಅವರು ಒಂದು ಚಿಕ್ಕ ಸಾಧನವನ್ನೇ ಮಾಡಿಸಿದ್ದರು. ಅದು ಟಕ್ಕೆಂದರೆ ಓದುತ್ತಿದ್ದ ಹುಡುಗ ನಿಲ್ಲಿಸಬೇಕು. ಮೊದಲ ದಿನ ತರಗತಿಗೆ ಹೋದ ಯಾವ ಉಪಾಧ್ಯಾಯರನ್ನಾದರೂ ಕೇಳಿರಿ: ಗಂಟಲು ಒಣಗುವಷ್ಟು ಮಾತನಾಡಿ, ಮಕ್ಕಳು ಏನು ಕೇಳಿಸಿಕೊಂಡರೆಂದು ತಿಳಿಯದೆ ಹೊರಬಂದ ಕಥೆಯನ್ನೇ ಹೇಳುವರು. ಮುನ್ನೂರು ವರ್ಷಗಳಲ್ಲಿ ಈ ಕಾಯಿಲೆ ಬದಲಾಗಿಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ದಕ್ಷಿಣ ಕನ್ನಡಕ್ಕೆ ಈ ವಿಚಾರಗಳು ಮದರಾಸಿನ ದಾರಿಯಿಂದ ಬಂದವು, ಏಕೆಂದರೆ 1956ರ ನವೆಂಬರ 1ರ ತನಕ ಈ ಜಿಲ್ಲೆ ಮದರಾಸಿಗೆ ಸೇರಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯವರು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತಮ್ಮ ಆಶ್ರಮಕ್ಕೆ ತಂದರು. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಲಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪುಸ್ತಕದಿಂದ ಇದು 'ಮದರಾಸ್ ಪದ್ಧತಿ' ಎಂದು ಹೆಸರಾಯಿತು. ಇಂಗ್ಲೆಂಡಿನವರು ಅದನ್ನು ಪರಿಷ್ಕರಿಸಿ 1846ರಲ್ಲಿ 'ವಿದ್ಯಾರ್ಥಿ-ಉಪಾಧ್ಯಾಯ' ವ್ಯವಸ್ಥೆಯನ್ನು ತಂದರು. ಹದಿಮೂರು ವರ್ಷದ ಹುಡುಗನೋ ಹುಡುಗಿಯೋ ಐದು ವರ್ಷ ಹೆಡ್‌ಮಾಸ್ತರರ ಕೈಕೆಳಗೆ ಇದ್ದು ಕಲಿಸುತ್ತ ಕಲಿಯುವುದು ಇದರ ಕ್ರಮ. ಬಡಗಿಯ ಬಳಿ ಹುಡುಗನನ್ನು ಬಿಟ್ಟಂತೆ. 1854ರ ವುಡ್ ಅವರ ನಿರೂಪವು ಈ ಮಾದರಿಯನ್ನೇ ಮುಂದಿಟ್ಟುಕೊಂಡು, ಪ್ರತಿಯೊಂದು ಪ್ರಾಂತದಲ್ಲಿ ಉಪಾಧ್ಯಾಯರ ತರಬೇತಿ ಶಾಲೆಗಳಾಗಬೇಕೆಂದಿತು. 1856ರಲ್ಲಿ ಮದರಾಸಿನಲ್ಲಿ ನಾರ್ಮಲ್ ಶಾಲೆ ಬಂತು. ಅದೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಗಿ ಬೆಳೆಯಿತು.

ಆದರೆ ಮದರಾಸಿನಲ್ಲಿ ಒಂದು ಕಾಲೇಜಿದ್ದರೆ ಘಟ್ಟದ ಕೆಳಗಿನ ಹಳ್ಳಿಗೆ ಏನು ಬಂತು? 1882ರ ಹಂಟರ್ ಆಯೋಗ ಈ ಮಾತನ್ನು ಗಮನಿಸಿ, ಪ್ರಾಥಮಿಕ ಶಾಲೆಗಳ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ನಾರ್ಮಲ್ ಶಾಲೆಗಳು ಹರಡಿಕೊಂಡಿರಬೇಕೆಂದು ಹೇಳಿತು. ಆಚರಣೆಗೆ ಬಂದದ್ದು ನಿಧಾನವಾಗಿ. ಅಷ್ಟರಲ್ಲಿ ಮದರಾಸು ಪ್ರಾಂತದಲ್ಲಿ ಫಲಿತಾಂಶಕ್ಕೆ ತಕ್ಕ ಅನುದಾನವೆಂಬ ಪದ್ಧತಿಯೂ ನಡೆದಿತ್ತು. ಇನ್ಸ್‌ಪೆಕ್ಟರರ ಮುಂದೆ ಎಷ್ಟು ಮಕ್ಕಳು ಪಾಸಾದರೋ ಅಷ್ಟು ಹಣ. ಮಕ್ಕಳ ಬಾಯಿಪಾಠವೇ ಮಾಸ್ತರರ ಅನ್ನವಾದಾಗ ಯಾವ ತರಬೇತಿ ತಾನೇ ನಿಲ್ಲೀತು?

ನಮ್ಮ ಭಾಗದಲ್ಲಿ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಶಾಲೆಗಳನ್ನು ತೆರೆದು, ತಮಗೆ ಬೇಕಾದ ಉಪಾಧ್ಯಾಯರನ್ನು ತಾವೇ ತಯಾರು ಮಾಡಿಕೊಂಡರೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಕಥೋಲಿಕರಲ್ಲಿ ಈ ಕೆಲಸ ಮುಖ್ಯವಾಗಿ ಹೆಂಗಸರ ಕೈಯಿಂದ ಆಯಿತು. ಮದರ್ ವೆರೋನಿಕಾ ಅವರು 1823ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದವರು. ಕಥೋಲಿಕ ಧರ್ಮಸಭೆಗೆ ಬಂದು, ಧರ್ಮಭಗಿನಿಯಾಗಿ ಕಲ್ಲಿಕೋಟೆಯ ಶಾಲೆಯಲ್ಲಿ ದುಡಿದವರು. ಈ ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿಯೇ ಒಂದು ಸಭೆ ಬೇಕೆಂದು ಕಂಡು, 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಇಲ್ಲಿಗೆ ಕಳುಹಿಸುವ ಮೊದಲು ಭಗಿನಿಯರನ್ನು ಅಲ್ಲಿ ತಯಾರು ಮಾಡಬೇಕೆಂಬುದೇ ಅವರ ಉದ್ದೇಶ. ಮೂವರು ಭಗಿನಿಯರು 1870ರ ನವೆಂಬರ 19ರಂದು ಮಂಗಳೂರಿಗೆ ಬಂದಿಳಿದರು. ಮದರ್ ವೆರೋನಿಕಾ ಮಾತ್ರ ಅವರೊಡನೆ ಬರಲಿಲ್ಲ, ಫ್ರಾನ್ಸಿನಲ್ಲಿಯೇ ಉಳಿದರು. ತಯಾರು ಮಾಡಿದವರು ಹಿಂದೆ ಉಳಿದು, ತಯಾರಾದವರು ಮುಂದೆ ಹೋದರು.

ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯರು ಬೇಕು. ಉಪಾಧ್ಯಾಯಿನಿಯರಾಗಲು ಓದಿದ ಹೆಣ್ಣುಮಕ್ಕಳು ಬೇಕು. ಈ ಗಂಟನ್ನು ಬಿಚ್ಚಲು ಎರಡು ತಲೆಮಾರು ಹಿಡಿಯಿತು. ಸಂತ ಆನ್ನರ ಕಾನ್ವೆಂಟಿನ ಆವರಣದಲ್ಲಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯಿನಿಯರಿಗೆ ತರಬೇತಿ ನಡೆಯಿತು; 1921ರಲ್ಲಿ ಸಂತ ಆಗ್ನೆಸರ ಮಹಿಳಾ ಕಾಲೇಜು ಬಂತು; 1943ರಲ್ಲಿ ಪದವೀಧರೆಯರಿಗಾಗಿ ಸಂತ ಆನ್ನರ ತರಬೇತಿ ಕಾಲೇಜು ತೆರೆಯಿತು. ಹಳ್ಳಿಯ ತಂದೆತಾಯಿಗಳು ಮಗಳನ್ನು ಪೇಟೆಗೆ ಕಳುಹಿಸಲು ಒಪ್ಪಿದುದಕ್ಕೆ ಪಠ್ಯಕ್ರಮಕ್ಕಿಂತ ಭಗಿನಿಯರ ಹಾಸ್ಟೆಲೇ ಹೆಚ್ಚು ಕಾರಣವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಅಲ್ಲಿಂದ ಟ್ರೈನಿಂಗ್ ಮುಗಿಸಿ ಬಂದ ಟೀಚರು ಆ ಹಳ್ಳಿಯಲ್ಲಿ ಸ್ವಂತ ಸಂಬಳವಿರುವ ಮೊದಲನೆಯ ಹೆಂಗಸಾಗಿರುವುದೂ ಉಂಟು.

ತರಬೇತಿಯಲ್ಲಿ ಏನಿತ್ತು? ಜರ್ಮನಿಯ ಹರ್ಬಾರ್ಟ್ ಪಂಡಿತರ ಅನುಯಾಯಿಗಳು ಹಾಕಿಕೊಟ್ಟ ಐದು ಹೆಜ್ಜೆಗಳ ಪಾಠ ಟಿಪ್ಪಣಿ: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಜೊತೆಗೆ ವಿಮರ್ಶಾ ಪಾಠ. ಒಬ್ಬರು ಮಾದರಿ ಶಾಲೆಯ ತರಗತಿಯಲ್ಲಿ ಕಲಿಸುವಾಗ ಸಹಪಾಠಿಗಳು ಹಿಂದಿನ ಸಾಲಿನಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಾರೆ. ಬಳಿಕ ಒಬ್ಬೊಬ್ಬರಾಗಿ ದೋಷ ಎತ್ತಿ ಹೇಳುತ್ತಾರೆ. ಕಪ್ಪು ಹಲಗೆಗೆ ಬೆನ್ನು ತಿರುಗಿಸಿ ನಿಂತದ್ದು, ಒಂದೇ ಹುಡುಗನನ್ನು ಮತ್ತೆ ಮತ್ತೆ ಕೇಳಿದ್ದು, ಪ್ರಶ್ನೆಯಲ್ಲಿಯೇ ಉತ್ತರ ಹೇಳಿದ್ದು. ಕಣ್ಣೀರು ತರಿಸುವ ಪರೀಕ್ಷೆ ಅದು. ಆದರೂ ಇಡೀ ತರಬೇತಿಯಲ್ಲಿ ಅತ್ಯಂತ ಪ್ರಯೋಜನಕರವಾದುದು ಅದೇ ಎಂದು ನಮ್ಮ ಎಣಿಕೆ. ಅದರಲ್ಲೊಂದು ಕೊರತೆಯಿತ್ತು. ಮಾದರಿ ಶಾಲೆಯ ಮಕ್ಕಳು ವರ್ಷ ವರ್ಷವೂ ಹೊಸ ಟೀಚರುಗಳನ್ನು ನೋಡಿ ನುರಿತವರು. ಯಾವ ಪ್ರಶ್ನೆಗೆ ಯಾವ ಉತ್ತರ ಬೇಕೆಂದು ಅವರಿಗೆ ಮೊದಲೇ ಗೊತ್ತು!

ಹಳ್ಳಿಯ ಧರ್ಮಕೇಂದ್ರದ ಶಾಲೆಯಲ್ಲಿ ಜೂನ್ ತಿಂಗಳಲ್ಲಿ ಎದುರಾಗುವ ತರಗತಿ ಹಾಗಿಲ್ಲ. ಹಂಚಿನ ಮೇಲೆ ಮಳೆಯ ಸದ್ದು. ಒದ್ದೆ ಗೊರಬು, ಒದ್ದೆ ಕೊಡೆ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳು. ಎಲ್ಲಕ್ಕಿಂತ ಮಿಗಿಲಾಗಿ, ಪಾಠ ಪುಸ್ತಕದ ಭಾಷೆ ಕನ್ನಡ; ಮಕ್ಕಳಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ತುಳು, ಕೆಲವರದು ಬ್ಯಾರಿ. ದೆ ಲಾ ಸಾಲ್ ಅವರು ತಮ್ಮ ಶಾಲೆಗಳಲ್ಲಿ ಲ್ಯಾಟಿನ್ ಓದಿನಿಂದ ಆರಂಭಿಸುವ ವಾಡಿಕೆಯನ್ನು ಬಿಡಿಸಿ ಫ್ರೆಂಚಿನಿಂದಲೇ ಆರಂಭಿಸಿದರು. ಬಡವರ ಮಕ್ಕಳು ಶಾಲೆಯಲ್ಲಿರುವುದೇ ಅಲ್ಪಕಾಲ, ಆ ಕಾಲ ತಿಳಿಯದ ಭಾಷೆಯಲ್ಲಿ ಹಾಳಾಗಬಾರದೆಂಬುದು ಅವರ ಕಾರಣ. ಕನ್ನಡವು ನಮಗೆ ಲ್ಯಾಟಿನ್ನಿನಂತೆ ದೂರದ್ದಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ, ಯಕ್ಷಗಾನದ ಆಟದಲ್ಲಿ ಕಿವಿಗೆ ಬೀಳುವ ಭಾಷೆ. ಆದರೂ ಆರು ವರ್ಷದ ಮಗುವಿಗೆ ಪುಸ್ತಕದ ಕನ್ನಡ ಹೊಸತೇ. ನಮ್ಮ ಹಿರಿಯ ಟೀಚರುಗಳು ಮೊದಲು ಕೊಂಕಣಿಯಲ್ಲೋ ತುಳುವಿನಲ್ಲೋ ಹೇಳಿ, ಬಳಿಕ ಕನ್ನಡದಲ್ಲಿ ಹೇಳಿ, ನಿಧಾನವಾಗಿ ಮೊದಲನೆಯದನ್ನು ಕಡಿಮೆ ಮಾಡುತ್ತ ಹೋದರು. ಐದು ಹೆಜ್ಜೆಗಳ ಪಾಠ ಟಿಪ್ಪಣಿಯಲ್ಲಿ ಇದಕ್ಕೆ ಸ್ಥಳವಿರಲಿಲ್ಲ. 'ಅನ್‌ಟ್ರೈನ್ಡ್' ಎಂದು ದಾಖಲೆಯಲ್ಲಿ ಬರೆಯಿಸಿಕೊಂಡು ಕಡಿಮೆ ಸಂಬಳಕ್ಕೆ ದುಡಿದ ಎಷ್ಟೋ ಮಂದಿ ಇದರಲ್ಲಿ ಪಳಗಿದವರು. ಹಾಗೆಂದು ತರಬೇತಿ ವ್ಯರ್ಥವೆಂದು ನಾವು ಹೇಳುವುದಿಲ್ಲ. ತರಬೇತಿಯಿಲ್ಲದ ಉಪಾಧ್ಯಾಯನು ಕಲಿಯುವುದು ಮಕ್ಕಳ ಖರ್ಚಿನಲ್ಲಿ. ಅವನು ಪಳಗುವಷ್ಟರಲ್ಲಿ ಎರಡು ಮೂರು ವರ್ಷದ ಮಕ್ಕಳು ಶಾಲೆ ಬಿಟ್ಟು ಗದ್ದೆಗೋ ಬೀಡಿ ಕಟ್ಟಲಿಕ್ಕೋ ಹೋಗಿಯಾಗಿರುತ್ತದೆ. ಆ ಮಕ್ಕಳ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

1904ರ ಸರಕಾರಿ ಶಿಕ್ಷಣ ನಿರ್ಣಯದಲ್ಲಿ ಒಂದು ಒಳ್ಳೆಯ ಮಾತಿತ್ತು: ತರಬೇತಿ ಕಾಲೇಜಿಗೂ ಶಾಲೆಗೂ ಸಂಬಂಧ ಕಡಿಯಬಾರದು; ಹೊರಬಂದವನು ಕಲಿತ ವಿಧಾನವನ್ನು ಕೈಬಿಡದಂತೆ ನೋಡಿಕೊಳ್ಳಬೇಕು. ಅರುವತ್ತು ವರ್ಷಗಳ ಮೇಲೆ ಕೊಠಾರಿ ಆಯೋಗವು ತರಬೇತಿ ಸಂಸ್ಥೆಗಳು ಶಾಲೆಗಳಿಂದ ದೂರವಾಗಿವೆಯೆಂದು ಅದೇ ದೂರನ್ನು ಹೇಳಬೇಕಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಬಳಿಕ ಅರ್ಹತಾ ಪರೀಕ್ಷೆ ಬಂತು; 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿ, ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಗಳಿಗೆ ಏರಿತು. ಇದು ಒಳ್ಳೆಯ ಬದಲಾವಣೆ. ಆದರೆ ಆ ವಾರಗಳಲ್ಲಿ ಹೊಸಬನ ಹಿಂದಿನ ಸಾಲಿನಲ್ಲಿ ಕುಳಿತು ನೋಡುವವರು ಯಾರು? ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರಾದವರ ಸ್ಥಾನ ವರ್ಷಗಟ್ಟಲೆ ತುಂಬದೆ ಉಳಿದು, ಧರ್ಮಕೇಂದ್ರದವರೂ ಹಳೆ ವಿದ್ಯಾರ್ಥಿಗಳೂ ಹಣ ಕೂಡಿಸಿ ಗೌರವ ಶಿಕ್ಷಕಿಯರನ್ನು ಇಟ್ಟುಕೊಂಡ ಉದಾಹರಣೆಗಳು ನಮ್ಮ ಭಾಗದಲ್ಲಿ ಹಲವು. ಇಂಥ ಶಾಲೆಗೆ ಬಂದ ಹೊಸ ಹುಡುಗಿಗೆ ತಪ್ಪು ತಿದ್ದಲು ಹಿರಿಯ ಟೀಚರೇ ಇಲ್ಲದಿರಬಹುದು. ರೇಂಸಿನ ಹಳ್ಳಿಗಳ ಧರ್ಮಗುರುಗಳಿಗೆ ಸಿಕ್ಕಿದ್ದೂ ಒಬ್ಬೊಬ್ಬನೇ ಮಾಸ್ತರ. ಆದರೆ ಅವನು ಊರಿಗೆ ಹೊರಡುವ ಮೊದಲು, ಮಾತಿನ ಚಪಲವನ್ನಾದರೂ ಬಿಡಿಸಿಯೇ ಕಳುಹಿಸುತ್ತಿದ್ದರು.