ಬೈಕ್ ಮೇಲೆ ಸೈಕಲ್: ಭಾರ ಎಲ್ಲಿಡೋದು?

ಬೆಂಗಳೂರಲ್ಲಿ ಸೈಕಲ್ ಹುಚ್ಚು ಇರೋರಿಗೆಲ್ಲ ಒಂದು ತಾಪತ್ರಯ ಇದ್ದೇ ಇದೆ. ನೆಮ್ಮದಿಯಾಗಿ ತುಳಿಯೋಕೆ ಊರ ಹೊರಗೆ ಹೋಗಬೇಕು. ಆದರೆ ಊರ ಹೊರಗೆ ತಲುಪುವಷ್ಟರಲ್ಲಿ ಲಾರಿ, ಬಸ್ಸುಗಳ ನಡುವೆ ಜೀವ ಕೈಲಿ ಹಿಡ್ಕೊಂಡು ತುಳಿಯಬೇಕು. ಕಾರಿದ್ದವರು ಹಿಂದೆ ರ‍್ಯಾಕ್ ಕಟ್ಟಿ, ನಂದಿ ಬೆಟ್ಟದ ಬುಡದಲ್ಲಿ ಸೈಕಲ್ ಇಳಿಸ್ಕೋತಾರೆ. ಬೈಕ್ ಮಾತ್ರ ಇದ್ದವರು? ಪಕ್ಕದ ರಸ್ತೆಯ ವೆಲ್ಡಿಂಗ್ ಶಾಪಿಗೆ ಹೋಗಿ, 'ಅಣ್ಣಾ, ಒಂದು ರ‍್ಯಾಕ್ ಮಾಡಿಕೊಡಿ' ಅಂತಾರೆ.

ವೆಲ್ಡಿಂಗ್ ಅಣ್ಣ ಮೊದಲು ಕೇಳೋದು ಪೈಪಿನ ಅಳತೆ ಅಲ್ಲ. 'ಭಾರ ಎಲ್ಲಿ ಬರ್ಬೇಕು?' ಅಂತ. ಈ ಪ್ರಶ್ನೆಗೆ ನೂರಮೂವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ. ಮೋಟಾರ್ ಸೈಕಲ್ ಅನ್ನೋ ವಾಹನ ರೂಪುಗೊಂಡಿದ್ದೇ ಇದಕ್ಕೆ ಉತ್ತರ ಹುಡುಕ್ತಾ.

1885ರಲ್ಲಿ ಎರಡು ಘಟನೆ ನಡೆದವು. ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ ತಂದ. ಹೆಚ್ಚುಕಮ್ಮಿ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇವತ್ತಿನ ನಮ್ಮ ಸೈಕಲ್‌ನ ಮೂಲರೂಪ ಅದೇ. ಅದೇ ವರ್ಷ ಜರ್ಮನಿಯಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಒಂದು ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಕೂರಿಸಿದರು. 264 ಸಿಸಿ, ಶಕ್ತಿ ಮಾತ್ರ ಅರ್ಧ ಹಾರ್ಸ್ ಪವರ್. ಬೀಳದಿರಲಿ ಅಂತ ಅಕ್ಕಪಕ್ಕ ಎರಡು ಪುಟ್ಟ ಚಕ್ರ, ಮಕ್ಕಳ ಸೈಕಲ್ಲಿಗೆ ಇರುತ್ತಲ್ಲ, ಹಾಗೆ. ಎಂಜಿನ್ ಸೀಟಿನ ಕೆಳಗೇ ಇತ್ತು. ಡೈಮ್ಲರ್ ಮಗ ಓಡಿಸಿದಾಗ ಸೀಟಿಗೇ ಬೆಂಕಿ ಹತ್ತಿಕೊಂಡಿತು ಅಂತ ಹೇಳ್ತಾರೆ.

ಆಮೇಲೆ ಬಂದವರಿಗೆ ಮರದ ಚೌಕಟ್ಟು ಬೇಕಾಗಲಿಲ್ಲ. ಗಟ್ಟಿಮುಟ್ಟಾದ ಸೈಕಲ್ ಫ್ರೇಮು ಸಿದ್ಧವಾಗಿತ್ತಲ್ಲ. ಅದಕ್ಕೆ ಎಂಜಿನ್ ನೇತು ಹಾಕಿದರೆ ಆಯ್ತು. ಆದರೆ ಎಲ್ಲಿಗೆ? ಪ್ಯಾರಿಸ್ಸಿನಲ್ಲಿ ವರ್ನರ್ ಸೋದರರು 1897ರಲ್ಲಿ ಮುಂದಿನ ಚಕ್ರದ ಮೇಲೆ, ಹ್ಯಾಂಡಲ್ ಹತ್ತಿರ ಕೂರಿಸಿದರು. ಭಾರವೆಲ್ಲ ಮೇಲೆ, ಅದೂ ಮುಂದೆ. ಒದ್ದೆ ರಸ್ತೆಯಲ್ಲಿ ಸರ್ರನೆ ಜಾರೋದು. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಸೈಕಲ್ ಮಾಡ್ತಿದ್ದ ರಾಯಲ್ ಎನ್‌ಫೀಲ್ಡ್ 1901ರಲ್ಲಿ ತನ್ನ ಮೊದಲ ಮೋಟಾರ್ ಸೈಕಲ್ ತಂದಾಗಲೂ ಎಂಜಿನ್ ಇದ್ದದ್ದು ಹ್ಯಾಂಡಲ್ಲಿನ ಮುಂದೆ! ಅಲ್ಲಿಂದ ಹಿಂದಿನ ಚಕ್ರದ ತನಕ ಉದ್ದನೆಯ ಬೆಲ್ಟು. ಇವತ್ತಿನ ಬುಲೆಟ್ ನೋಡಿದವರಿಗೆ ನಂಬೋದೇ ಕಷ್ಟ.

ಅದೇ 1901ರಲ್ಲಿ ವರ್ನರ್ ಸೋದರರೇ ಸರಿಯಾದ ಉತ್ತರ ಕಂಡುಕೊಂಡರು. ಎಂಜಿನ್ನನ್ನ ಎರಡು ಚಕ್ರಗಳ ನಡುವೆ, ಪೆಡಲ್ ಇರೋ ಮಟ್ಟಕ್ಕೆ ಇಳಿಸಿದರು. ಗಾಡಿ ಹದಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲರೂ ಅಲ್ಲಿಗೇ ಬಂದರು. ಇವತ್ತು ನೀವು ಓಡಿಸೋ ಬೈಕಿನ ಎಂಜಿನ್ ಇರೋದೂ ಅಲ್ಲೇ. ಮೂರೇ ಮಾತಿನ ಪಾಠ: ಕೆಳಗಿರಲಿ, ನಡುವಿರಲಿ, ಚಕ್ರಗಳ ಆಚೆ ಹೋಗದಿರಲಿ.

ಈ ಪಾಠವನ್ನ ನಮ್ಮ ಹಳ್ಳಿಗಳು ಪುಸ್ತಕ ಓದಿ ಕಲಿಯಲಿಲ್ಲ. ದಿನಾ ಭಾರ ಹೊತ್ತು ಕಲಿತವು. ಹಾಲಿನವರ ಬೈಕ್ ನೋಡಿ. ಕ್ಯಾನುಗಳು ಸೀಟಿನ ಮೇಲೆ ಇರೋದು ಕಮ್ಮಿ, ಎಡಕ್ಕೊಂದು ಬಲಕ್ಕೊಂದು ತೂಗ್ತಾ ಇರ್ತವೆ, ಹಿಂದಿನ ಚಕ್ರದ ಅಚ್ಚಿನ ಪಕ್ಕದಲ್ಲೇ. ಆ ಕೊಕ್ಕೆ, ಆ ಕಂಬಿ ಯಾವ ಶೋರೂಮಿನಲ್ಲೂ ಸಿಗಲ್ಲ. ಊರಿನ ವೆಲ್ಡಿಂಗ್ ಶಾಪಲ್ಲಿ ಹುಟ್ಟಿದ್ದು.

1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಅದರ ತಮ್ಮನಂಥ ಎಕ್ಸ್‌ಎಲ್ ಇವತ್ತಿಗೂ ಹಳ್ಳಿ ಬಿಟ್ಟು ಹೋಗಿಲ್ಲ. ಯಾಕೆ ಗೊತ್ತಾ? ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ಖಾಲಿ ಜಾಗ ಇದೆ. ಹಿಂಡಿ ಮೂಟೆ, ಗೊಬ್ಬರದ ಚೀಲ, ಕೊನೆಗೆ ಒಂದು ಮೇಕೆ, ಏನಿಟ್ರೂ ಎರಡು ಚಕ್ರಗಳ ನಡುವೆ, ಕಾಲ ಮಟ್ಟದಲ್ಲೇ ಕೂರುತ್ತೆ. ವರ್ನರ್ ಸೋದರರು ಎಂಜಿನ್ನಿಗೆ ಹುಡುಕಿದ ಜಾಗವನ್ನ ನಮ್ಮ ರೈತ ಮೂಟೆಗೆ ಹುಡುಕಿಕೊಂಡ, ಅಷ್ಟೇ.

ಈಗ ನಮ್ಮ ರ‍್ಯಾಕಿಗೆ ಬರೋಣ. ಎಲ್ಲರಿಗೂ ಮೊದಲು ಹೊಳೆಯೋದು ಕಾರಿನ ಥರ ಹಿಂದೆ ನೇತು ಹಾಕೋದು. ಒಂದು ಲೆಕ್ಕ ಮಾಡಿ. ಸೈಕಲ್ 15 ಕೆಜಿ. ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಕ್ಕೆ ತೂಗ್ತಿದೆ. ಬೈಕಿನ ಎರಡು ಅಚ್ಚುಗಳ ನಡುವೆ 130 ಸೆಂಟಿಮೀಟರ್. ಇದು ಬಾವಿಯ ಏತದ ಲೆಕ್ಕ: ಹಿಂದೆ ತೂಕ ಬಿದ್ದಷ್ಟೂ ಮುಂದಿನ ತುದಿ ಏಳುತ್ತೆ. 15ನ್ನ 60ರಿಂದ ಗುಣಿಸಿ 130ರಿಂದ ಭಾಗಿಸಿದರೆ, ಮುಂದಿನ ಚಕ್ರದ ಮೇಲಿಂದ ಸುಮಾರು 7 ಕೆಜಿ ಕಮ್ಮಿಯಾಯ್ತು. ನಿಂತಿದ್ದಾಗ ಇದು ದೊಡ್ಡದಲ್ಲ. ಹಂಪ್ ಹಾರಿದಾಗ ಸೈಕಲ್ ಕುಲುಕಿ ಇನ್ನೂ ಜೋರಾಗಿ ಎಳೆಯುತ್ತೆ. ಹ್ಯಾಂಡಲ್ ಹಗುರಾಗಿ ಅಲ್ಲಾಡೋಕೆ ಶುರು.

ಅದೇ 15 ಕೆಜಿಯನ್ನ ಹಾಲಿನ ಕ್ಯಾನಿನ ಹಾಗೆ ಅಚ್ಚಿನ ಪಕ್ಕ ತೂಗಿಸಿದರೆ ಮುಂದಿನ ಚಕ್ರಕ್ಕೆ ಏನೂ ಆಗಲ್ಲ. ಗಾಡಿ ಒಂದು ಕಡೆಗೆ ಎಳೆಯುತ್ತೆ, ನಿಜ. ಗಾಡಿ, ನೀವು, ಸೈಕಲ್ ಎಲ್ಲ ಸೇರಿ 205 ಕೆಜಿ, ಸೈಕಲ್ ನಡುಗೆರೆಯಿಂದ 35 ಸೆಂಟಿಮೀಟರ್ ಆಚೆ ಅಂದ್ಕೊಂಡರೂ ಒಟ್ಟು ಭಾರದ ಕೇಂದ್ರ ಸರಿಯೋದು ಎರಡೂವರೆ ಸೆಂಟಿಮೀಟರ್. ಇನ್ನೊಂದು ಪಕ್ಕಕ್ಕೆ ಬ್ಯಾಗು, ನೀರು, ಪಂಪು ಕಟ್ಟಿದರೆ ಅದೂ ಇನ್ನಷ್ಟು ಕಮ್ಮಿ. ಹಾಲಿನವರು ಎರಡು ಕ್ಯಾನ್ ಕಟ್ಟೋದರ ಗುಟ್ಟೂ ಇದೇ.

ಹಾಗಾಗಿ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ. ಹ್ಯಾಂಡಲ್ ತಿರುಗಿಸಿ ಫ್ರೇಮಿಗೆ ಸಮ ಮಾಡಿ. ಫ್ರೇಮನ್ನ ಬೈಕಿನ ಎಡಪಕ್ಕಕ್ಕೆ, ಉದ್ದುದ್ದ ನಿಲ್ಲಿಸಿ. ಎಡಕ್ಕೇ ಯಾಕೆ ಅಂದ್ರೆ ನಮ್ಮ ಹೆಚ್ಚಿನ ಬೈಕುಗಳ ಸೈಲೆನ್ಸರ್ ಬಲಕ್ಕಿದೆ. ಓವರ್‌ಟೇಕ್ ಮಾಡೋರು ಬರೋದೂ ಬಲದಿಂದಲೇ. ಬಿಚ್ಚಿದ ಚಕ್ರಗಳನ್ನ ಹಿಂದಿನ ಸೀಟಿನ ಮೇಲೆ ಮಲಗಿಸಿ ಕಟ್ಟಿ. ರ‍್ಯಾಕಿನ ಬೋಲ್ಟುಗಳು ಫುಟ್‌ರೆಸ್ಟ್, ಹಿಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ, ಇಂಥ ಗಟ್ಟಿ ಜಾಗಕ್ಕೆ ಬರಲಿ. ಮಡ್‌ಗಾರ್ಡಿಗೆ ಬೇಡವೇ ಬೇಡ. ಇಂಡಿಕೇಟರ್, ನಂಬರ್ ಪ್ಲೇಟ್ ಮುಚ್ಚಬಾರದು. ಯಾವ ತುದಿಯೂ ಬೈಕಿನ ಹ್ಯಾಂಡಲ್‌ಗಿಂತ ಆಚೆ ಚಾಚಬಾರದು.

ಚಾಸಿಸ್ ಕೊಯ್ಯೋದು, ಅದಕ್ಕೆ ವೆಲ್ಡ್ ಹಾಕೋದು ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋದನ್ನ ಒಪ್ಪಲ್ಲ. ಭಾರ ಮಿತಿ ಮೀರಿ ಆಚೆ ಚಾಚಿದರೆ ದಂಡವೂ ಇದೆ. ಸ್ಪ್ಯಾನರ್ ಹಿಡಿದು ಹತ್ತು ನಿಮಿಷದಲ್ಲಿ ಕಳಚೋ ಹಾಗಿರಲಿ.

ರಾಯಲ್ ಎನ್‌ಫೀಲ್ಡ್, ಟ್ರಯಂಫ್, ಬಿಎಸ್‌ಎ ಎಲ್ಲರೂ ಬೈಕಿಗಿಂತ ಮುಂಚೆ ಸೈಕಲ್ ಮಾಡಿದವರೇ. ನಮ್ಮಲ್ಲೂ 1956ರಲ್ಲಿ ಲುಧಿಯಾನದಲ್ಲಿ ಶುರುವಾದ ಹೀರೋ ಸೈಕಲ್ಸ್ ಮನೆತನವೇ 1984ರಲ್ಲಿ ಹೀರೋ ಹೋಂಡಾ ಕಟ್ಟಿದ್ದು. ಒಂದು ಕಾಲಕ್ಕೆ ಎಂಜಿನ್ನನ್ನ ಹೊತ್ತು ಸಾಕಿದ್ದು ಸೈಕಲ್. ಈಗ ನಮ್ಮ ರಸ್ತೆಗಳಲ್ಲಿ ಅದಕ್ಕೇ ಜಾಗ ಇಲ್ಲ, ಬೈಕೇ ಅದನ್ನ ಹೊತ್ತು ಊರಾಚೆ ದಾಟಿಸಬೇಕು.

ಹೊರೋದಂತೂ ಹೊರುತ್ತೆ, ನೆಟ್ಟಗೆ ಹೊರಲಿ. ಯೂಟ್ಯೂಬ್ ನೋಡಿ ಡ್ರಾಯಿಂಗ್ ಮಾಡೋ ಮುಂಚೆ ಒಂದು ದಿನ ಬೇಗ ಎದ್ದು ಯಾವುದಾದರೂ ಹಳ್ಳಿಯ ಹಾಲಿನ ಡೈರಿ ಮುಂದೆ ಅರ್ಧ ಗಂಟೆ ನಿಂತ್ಕೊಳ್ಳಿ. ಬರೋ ಒಂದೊಂದು ಬೈಕಿನಲ್ಲೂ ಕೊಕ್ಕೆ ಎಲ್ಲಿದೆ ಅಂತ ನೋಡಿ, ಹಾಕಿಸ್ಕೊಂಡವರನ್ನ ಮಾತಾಡಿಸಿ. ಆಮೇಲೆ ಪೈಪ್ ಕೊಯ್ಯಿಸಿ.