ಪಟ್ಟೆಗಳೊಳಗೆ ಏನಿದೆ?

ಸೇನೆಯ ಸೇವೆ ಮುಗಿಸಿ ನ್ಯೂಯಾರ್ಕಿಗೆ ಮರಳಿದ್ದ ಚಿತ್ರಕಾರ ಜ್ಯಾಸ್ಪರ್ ಜಾನ್ಸ್ ಅವರಿಗೆ 1954ರಲ್ಲಿ ಒಂದು ಕನಸು ಬಿತ್ತು: ತಾವು ಅಮೆರಿಕದ ದೊಡ್ಡದೊಂದು ಬಾವುಟವನ್ನು ಬರೆಯುತ್ತಿದ್ದಂತೆ. ಎಚ್ಚರಾದ ಮೇಲೆ ಬರೆಯತೊಡಗಿದರು. ಮೊದಲು ಬಳಸಿದ ಬಣ್ಣ ಬೇಗ ಒಣಗಲಿಲ್ಲ. ಆಗ ಬಿಸಿ ಮೇಣಕ್ಕೆ ಬಣ್ಣ ಬೆರೆಸಿ, ಪತ್ರಿಕೆಯ ಚೂರುಗಳನ್ನು ಅದರಲ್ಲಿ ಅದ್ದಿ ಅಂಟಿಸುತ್ತ ಹೋದರು. ಹೀಗೆ ಹುಟ್ಟಿದ 'ಫ್ಲ್ಯಾಗ್' ದೂರದಿಂದ 48 ನಕ್ಷತ್ರಗಳ ಬಾವುಟ. ಹತ್ತಿರ ಹೋದರೆ ಮೇಣದ ಕೆಳಗೆ ಮಸುಕಾಗಿ ಕಾಣುವ ಅಚ್ಚಿನ ಅಕ್ಷರಗಳು, ದಿನನಿತ್ಯದ ಸುದ್ದಿಯ ತುಣುಕುಗಳು. ಬರ್ಲಿನ್ನಿನ ಹಾನ್ನಾ ಹ್ಯೋಖ್ 1919-20ರಲ್ಲೇ ಪತ್ರಿಕೆಯ ಫೋಟೋಗಳನ್ನು ಕತ್ತರಿಸಿ ಜೋಡಿಸಿ ತನ್ನ ದೇಶದ ರಾಜಕೀಯವನ್ನು ಬಯಲಿಗೆ ಇಟ್ಟಿದ್ದರು. ಆ ಕತ್ತರಿ-ಅಂಟಿನ ಕಲೆ, ಅಂದರೆ ಕೊಲಾಜ್, ಬಾವುಟದ ಮೈಯನ್ನು ಹೊಕ್ಕದ್ದು ಜಾನ್ಸ್ ಅವರ ಕೈಯಲ್ಲಿ. ಇಂದಿನ ಡಿಜಿಟಲ್ ಕೊಲಾಜ್‌ಗಳನ್ನು ನೋಡುವಾಗಲೂ ನಾನು ಈ ಎರಡು ದೂರಗಳಿಂದಲೇ ಅಳೆಯುತ್ತೇನೆ. ದೂರ ನಿಂತಾಗ ಬಾವುಟ ಕಾಣಬೇಕು, ಹತ್ತಿರ ಹೋದಾಗ ಅದರ ಚೂರು ಮಾತಾಡಬೇಕು.

ಜಾನ್ಸ್ ಮೌನವಾಗಿ ಮಾಡಿದ್ದನ್ನು ಮುಂದಿನವರು ದನಿಯೆತ್ತಿ ಮಾಡಿದರು. ಫೇತ್ ರಿಂಗೋಲ್ಡ್ 1967ರಲ್ಲಿ ಬರೆದ ಬಾವುಟದ ಕೆಂಪು ಪಟ್ಟೆಗಳಿಂದ ರಕ್ತ ತೊಟ್ಟಿಕ್ಕುತ್ತದೆ. 1970ರಲ್ಲಿ ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ಬಾವುಟವನ್ನೇ ವಸ್ತುವಾಗಿಸಿಕೊಂಡ ಪ್ರದರ್ಶನ ನಡೆಸಿದ್ದಕ್ಕೆ ಅವರನ್ನೂ ಇಬ್ಬರು ಸಂಗಾತಿಗಳನ್ನೂ ಪೊಲೀಸರು ಬಂಧಿಸಿದರು. ಬಾವುಟವನ್ನು ಸುಡುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ಮರುವರ್ಷ ಡೇವಿಡ್ ಹ್ಯಾಮನ್ಸ್ ಅದೇ ಪಟ್ಟೆ, ಅದೇ ನಕ್ಷತ್ರಗಳಿಗೆ ಕಪ್ಪು ಜನರ ಚಳವಳಿಯ ಕೆಂಪು, ಕಪ್ಪು, ಹಸಿರು ಬಣ್ಣ ಕೊಟ್ಟು ಹೊಲಿದರು.

ಪರದೆಗೆ ಬಾವುಟವನ್ನು ತಂದವರಲ್ಲಿ ಕೊರಿಯಾದಲ್ಲಿ ಹುಟ್ಟಿದ ನಾಮ್ ಜೂನ್ ಪೈಕ್ ಮುಖ್ಯರು. 1985ರಲ್ಲಿ ಆರಂಭವಾಗಿ 1996ರ ವೇಳೆಗೆ ಈಗಿನ ರೂಪ ಪಡೆದ ಅವರ 'ವಿಡಿಯೊ ಫ್ಲ್ಯಾಗ್'ನಲ್ಲಿ 70 ಟಿವಿಗಳಿವೆ. ಪಟ್ಟೆಗಳ ಒಳಗೆ ಸುದ್ದಿಚಿತ್ರಗಳು ಓಡುತ್ತವೆ. ಟ್ರೂಮನ್ನರಿಂದ ಕ್ಲಿಂಟನ್ನರವರೆಗಿನ ಅಧ್ಯಕ್ಷರ ಮುಖಗಳು ಒಂದು ಇನ್ನೊಂದಾಗಿ ಕರಗುತ್ತವೆ. ನಡುನಡುವೆ ಸೊನ್ನೆ-ಒಂದುಗಳ ಸಾಲುಗಳು ಹರಿಯುತ್ತವೆ. ಇನ್ನು ಮುಂದೆ ಬಾವುಟ ಯಾವುದರಿಂದ ಆಗಲಿದೆ ಎಂಬುದನ್ನು ಅವರು ಬಾವುಟದೊಳಗೇ ತೋರಿಸಿಬಿಟ್ಟರು.

1990ರಲ್ಲಿ ಫೋಟೋಶಾಪ್ ಬಂತು. ಕತ್ತರಿಯೂ ಬೇಡ, ಅಂಟೂ ಬೇಡ. ಮುಂದೆ ಪದರದ ಮೇಲೆ ಪದರ ಇಡುವುದೂ ತಪ್ಪಿದರೆ ತೆಗೆಯುವುದೂ ಸಾಧ್ಯವಾಯಿತು. ಅದೇ ದಶಕದಲ್ಲಿ ಸಾವಿರಾರು ಪುಟ್ಟ ಫೋಟೋಗಳನ್ನು ಸೇರಿಸಿ ಒಂದು ದೊಡ್ಡ ಚಿತ್ರ ಕಟ್ಟುವ ತಂತ್ರಾಂಶವೂ ಬಂತು. ಅಲ್ಲಿಂದ ಮುಖಗಳಿಂದಾದ ಬಾವುಟಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ನನ್ನನ್ನು ತಟ್ಟುವುದಿಲ್ಲ, ಕಾರಣ ಇಷ್ಟೇ: ಅಲ್ಲಿ ಯಾವ ಫೋಟೋ ಎಲ್ಲಿರಬೇಕೆಂದು ತಂತ್ರಾಂಶ ನಿರ್ಧರಿಸುವುದು ಬಣ್ಣ ಮತ್ತು ಬೆಳಕು ನೋಡಿ. ರೈತನ ಮುಖ ಹಸಿರಿಗೆ ಹೋದದ್ದು ಅವನ ಹಿಂದೆ ಗಿಡವಿತ್ತು ಎಂಬ ಕಾರಣಕ್ಕೆ. ಆಯ್ಕೆ ಮಾಡುವ ಮನಸ್ಸು ಇಲ್ಲದ ಕಡೆ ಸಂಕೇತ ಹುಟ್ಟುವುದಾದರೂ ಹೇಗೆ?

ಐರ್ಲೆಂಡಿನ ಜಾನ್ ಜೆರಾರ್ಡ್ ಅವರ 2017ರ 'ವೆಸ್ಟರ್ನ್ ಫ್ಲ್ಯಾಗ್'ನಲ್ಲಿ ಆ ಆಯ್ಕೆಯಿದೆ. 1901ರಲ್ಲಿ ತೈಲ ಚಿಮ್ಮಿದ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಬಯಲನ್ನು ಅವರು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ, ನಡುವೆ ಒಂದು ಕಂಬ ನೆಟ್ಟರು. ಕಂಬದ ತುದಿಯಿಂದ ಎಡೆಬಿಡದೆ ಹೊಮ್ಮುವ ಕಪ್ಪು ಹೊಗೆಯೇ ಬಾವುಟ. ಟೆಕ್ಸಾಸಿನಲ್ಲಿ ಬೆಳಗಾದಾಗ ಪರದೆಯಲ್ಲೂ ಬೆಳಗಾಗುತ್ತದೆ. ಇದು ಕೊಲಾಜ್ ಅಲ್ಲ ಎನ್ನುವವರಿದ್ದಾರೆ. ಆದರೆ ನೆಲ, ಇತಿಹಾಸ, ಹೊಗೆ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಜೋಡಿಸಿದ ಈ ಕೃತಿ ಫೋಟೋ ತುಂಬಿದ ನೂರು ಬಾವುಟಗಳಿಗಿಂತ ಜಾನ್ಸ್ ಅವರ ದಾರಿಗೆ ಹತ್ತಿರವಿದೆ.

ನಮ್ಮ ದೇಶದಲ್ಲಿ ಬಾವುಟವನ್ನು ಹೀಗೆ ಕಲೆಯಾಗಿಸಲು ಮಿತಿಗಳಿವೆ. ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಚಿತ್ರ, ಫೋಟೋ ಸೇರಿದಂತೆ ಕಣ್ಣಿಗೆ ಕಾಣುವ ಯಾವ ರೂಪದಲ್ಲಿದ್ದರೂ ಅದು ಧ್ವಜವೇ; 2002ರ ಧ್ವಜ ಸಂಹಿತೆಯಂತೆ ಅದರ ಮೇಲೆ ಬರಹ ಮೂಡಿಸುವಂತಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. ಮೈಸೂರಿನ ಎನ್.ಎಸ್. ಹರ್ಷ ಅವರ 'ನೇಷನ್ಸ್' (2007) ಪರದೆಯ ಕೃತಿಯಲ್ಲ, ಆದರೂ ಡಿಜಿಟಲ್ ಕಲಾವಿದರು ಅದರಿಂದ ಕಲಿಯುವುದು ಬಹಳಿದೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಗಳ ಸಾಲು ಸಾಲು, ಒಂದೊಂದರ ಮೇಲೂ ಒಂದೊಂದು ದೇಶದ ಬಾವುಟ, ಸುತ್ತ ಸಿಕ್ಕಾದ ದಾರಗಳು. ಯಂತ್ರದ ಮುಂದೆ ಯಾರೂ ಇಲ್ಲದ್ದರಿಂದಲೇ ಹೊಲಿಯುವವರ ನೆನಪು ಬಲವಾಗಿ ಬರುತ್ತದೆ.

ಹುಬ್ಬಳ್ಳಿಯ ಬೆಂಗೇರಿಯ ಖಾದಿ ಘಟಕದಲ್ಲಿ ನಮ್ಮ ತ್ರಿವರ್ಣ ಧ್ವಜ ಸಿದ್ಧವಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ನೂಲಿನ ಎಳೆ, ಬಣ್ಣದ ತೊಟ್ಟಿ, ಚಕ್ರವನ್ನು ಅಚ್ಚೊತ್ತುವ ಕೈ, ಅಂಚು ಹೊಲಿಯುವ ಕೈ, ಇವನ್ನೇ ಚೂರುಗಳಾಗಿ ಆಯ್ದು ಕಟ್ಟಿದ ಒಂದು ಡಿಜಿಟಲ್ ಕೊಲಾಜನ್ನು ನಾನು ನೋಡಬಯಸುತ್ತೇನೆ. ಅದನ್ನು ಮಾಡಬಲ್ಲ ತರುಣ ಕಲಾವಿದರು ಧಾರವಾಡದಲ್ಲೇ ಇದ್ದಾರು.